ರಾಯಚೂರಿನ ಲ್ಯಾಬೊಂದರ ಫೀವರ್ ಪ್ಯಾಕೇಜ್: ರಕ್ತ ತೆಗೆಯುವುದು ಚೊಕ್ಕ, ವರದಿ ಅರೆಬರೆ

ಮಳೆಗಾಲ ಬಂತೆಂದರೆ ರಾಯಚೂರಿನ ಖಾಸಗಿ ಲ್ಯಾಬೊಂದು ರಕ್ತಕಣಗಳ ಎಣಿಕೆ, ಮಲೇರಿಯಾ, ಡೆಂಗಿಯ ಎನ್‌ಎಸ್‌1 ಹಾಗೂ ಟೈಫಾಯಿಡ್‌ಗೆಂದು ಮಾಡುವ ವಿಡಾಲ್ ಪರೀಕ್ಷೆಗಳನ್ನು ಒಂದೇ ದರದಲ್ಲಿ ‘ಫೀವರ್ ಪ್ಯಾಕೇಜ್’ ಎಂದು ಮಾಡಿಕೊಡುತ್ತದೆ. ನಮ್ಮ ಮನೆಯ ಹುಡುಗನಿಗೆ ಜ್ವರ ಬಂದಾಗ ನಾವು ಮಾಡಿಸಿದ್ದು ಇದನ್ನೇ. ಬೆಳಿಗ್ಗೆ ಮನೆಗೆ ಬಂದ ತರುಣ ಸೂಜಿಯ ಹೊಸ ಪೊಟ್ಟಣವನ್ನು ನಮ್ಮೆದುರೇ ಒಡೆದು, ಟ್ಯೂಬುಗಳ ಮೇಲೆ ಹೆಸರು, ಸಮಯ ಬರೆದ ಮೇಲೆಯೇ ಎದ್ದ. ಸಂಜೆಯೊಳಗೆ ವಾಟ್ಸ್‌ಆ್ಯಪ್‌ಗೆ ವರದಿ ಬಂತು. ಇಷ್ಟರ ಮಟ್ಟಿಗೆ ತಕರಾರಿಲ್ಲ.

ತಕರಾರಿರುವುದು ಕೊನೆಯ ಪುಟದ ಬಗ್ಗೆ. ಎನ್‌ಎಸ್‌1 ಪಾಸಿಟಿವ್ ಎಂದು ಮೊದಲ ಪುಟದಲ್ಲಿ ಸಣ್ಣಕ್ಷರದಲ್ಲಿದ್ದರೆ, ಕೊನೆಯಲ್ಲಿ ವಿಡಾಲ್ ಅಳೆಯುವ ಎರಡು ಬಗೆಯ ಪ್ರತಿಕಾಯಗಳ ಮಟ್ಟ, ‘ಓ’ 1:80, ‘ಎಚ್’ 1:160 ಎಂಬ ಅಂಕಿಗಳ ಕೆಳಗೆ ‘ಟೈಫಾಯಿಡ್ ಪಾಸಿಟಿವ್’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಅದನ್ನಷ್ಟೇ ನೋಡಿದ ಮೆಡಿಕಲ್ ಅಂಗಡಿಯವರು ಆ್ಯಂಟಿಬಯಾಟಿಕ್ ಕೊಡಲು ಕೈ ಹಾಕಿದ್ದರು. ವೈದ್ಯರು ಮಾತ್ರ ಆ ಸಾಲನ್ನು ಪೆನ್ನಿನಿಂದ ಹೊಡೆದುಹಾಕಿ ಡೆಂಗಿ ಎಂದೇ ನೋಡಿಕೊಂಡರು.

ವಿಡಾಲ್ ಎಂಬುದು ಫ್ರಾನ್ಸಿನ ಫರ್ನಾಂಡ್ ವಿಡಾಲ್ 1896ರಲ್ಲಿ ರೂಪಿಸಿದ ಪರೀಕ್ಷೆ. ಅದು ಹುಡುಕುವುದು ರೋಗಾಣುವನ್ನಲ್ಲ, ರೋಗಾಣುವಿನ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು. ಹಿಂದೆಂದೋ ಬಂದುಹೋದ ಟೈಫಾಯಿಡ್, ಹಾಕಿಸಿಕೊಂಡ ಲಸಿಕೆ, ಕೆಲವೊಮ್ಮೆ ಮಲೇರಿಯಾದಂಥ ಬೇರೆ ಜ್ವರಗಳೂ ಅದನ್ನು ಪಾಸಿಟಿವ್ ಮಾಡಬಲ್ಲವು. ದಿನಗಳ ಅಂತರದಲ್ಲಿ ಎರಡು ಬಾರಿ ಮಾಡಿ, ಮಟ್ಟ ನಾಲ್ಕು ಪಟ್ಟು ಏರಿದೆಯೇ ಎಂದು ನೋಡಬೇಕಾದ ಪರೀಕ್ಷೆಯನ್ನು ಒಂದೇ ಬಾರಿ ಮಾಡಿ ತೀರ್ಪು ಬರೆಯುವುದು ಸರಿಯಲ್ಲ.

ಜ್ವರಗಳನ್ನು ಒಂದರೊಳಗೊಂದು ಕಲಸುವ ಚಾಳಿ ಹಳೆಯದೇ. ಫಿಲಡೆಲ್ಫಿಯಾದಲ್ಲಿ ವಿಲಿಯಂ ಗೆರ್ಹಾರ್ಡ್ 1837ರಲ್ಲಿ, ಲಂಡನ್ನಿನಲ್ಲಿ ವಿಲಿಯಂ ಜೆನ್ನರ್ 1850ರ ಆಸುಪಾಸಿನಲ್ಲಿ ಬೇರ್ಪಡಿಸಿ ತೋರಿಸುವವರೆಗೆ ಹೆಚ್ಚಿನ ವೈದ್ಯರಿಗೆ ಟೈಫಸ್, ಟೈಫಾಯಿಡ್ ಎರಡೂ ಒಂದೇ. ಟೈಫಸ್ ಹೇನಿನಿಂದ ಹರಡುವಂಥದ್ದು, ಟೈಫಾಯಿಡ್ ಮಲ ಬೆರೆತ ನೀರು, ಆಹಾರದಿಂದ. ಎರಡನ್ನೂ ಒಂದೇ ಲೆಕ್ಕಕ್ಕೆ ಬರೆದರೆ ಬಟ್ಟೆ ಕುದಿಸಬೇಕೋ ಬಾವಿ ಶುದ್ಧಮಾಡಬೇಕೋ ತಿಳಿಯುವುದೆಂತು? ಬೇರ್ಪಡಿಸಿದ ಮೇಲೂ, 1862ರಲ್ಲಿ ಅಮೆರಿಕದ ಸೇನಾ ವೈದ್ಯ ಜೋಸೆಫ್ ವುಡ್‌ವರ್ಡ್ ‘ಟೈಫೋ-ಮಲೇರಿಯಲ್ ಜ್ವರ’ ಎಂಬ ಹೊಸ ಹೆಸರು ಕೊಟ್ಟ. ಅಂತರ್ಯುದ್ಧದ ಶಿಬಿರಗಳಲ್ಲಿ ಎಷ್ಟೋ ಜ್ವರಗಳು ಅದರಡಿ ದಾಖಲಾದವು. ನಮ್ಮ ಕಡೆ ‘ಮಲೇರಿಯಾ, ಟೈಫಾಯಿಡ್ ಎರಡೂ ಕೂಡಿ ಬಂದಾವ್ರಿ’ ಎನ್ನುವುದೂ ಬಹಳ ಸಲ ಇಂಥ ಕಾಗದದ ಕೃಪೆಯೇ.

ಟೈಫಾಯಿಡ್ ಅನುಮಾನವಿದ್ದರೆ ಬೇಕಾದದ್ದು ರಕ್ತದಲ್ಲಿರುವ ರೋಗಾಣುವನ್ನೇ ಬೆಳೆಸಿ ನೋಡುವ ಬ್ಲಡ್ ಕಲ್ಚರ್, ಅದೂ ಆ್ಯಂಟಿಬಯಾಟಿಕ್ ಶುರುವಾಗುವ ಮೊದಲು. ಈ ಪ್ಯಾಕೇಜಿನಲ್ಲಿ ಅದಿಲ್ಲ, ಕೌಂಟರಿನಲ್ಲಿ ಯಾರೂ ಅದರ ಮಾತೆತ್ತುವುದೂ ಇಲ್ಲ. ರಕ್ತ ತೆಗೆಯುವ ಶಿಸ್ತಿಗಾಗಿ 5ಕ್ಕೆ 3 ಅಂಕ ಕೊಡುತ್ತೇನೆ. ಹೋಗುವವರು ಪ್ಯಾಕೇಜ್ ಬಿಟ್ಟು, ವೈದ್ಯರು ಬರೆದ ಪರೀಕ್ಷೆಗಳನ್ನಷ್ಟೇ ಬಿಡಿಬಿಡಿಯಾಗಿ ಮಾಡಿಸುವುದು ಮೇಲು, ಕೇಳಿದರೆ ಇಲ್ಲವೆನ್ನುವುದಿಲ್ಲ.