ಮೊದಲ ಬೈಕು ಕೊಳ್ಳುವ ಮುನ್ನ ಬಾಡಿಗೆಗೆ ಮೂರು ಬೈಕು

ಹದಿನೆಂಟು ತುಂಬಿ ಗೇರ್ ಇರುವ ಮೋಟಾರ್‌ಸೈಕಲ್‌ನ ಪರವಾನಗಿ ಕೈಗೆ ಬಂದರೆ ಸಾಕು, ನಮ್ಮ ದೇಶದಲ್ಲಿ 100 ಸಿಸಿಯ ಬೈಕನ್ನೂ 1000 ಸಿಸಿಯ ಬೈಕನ್ನೂ ಅದೇ ಕಾರ್ಡಿನ ಮೇಲೆ ಓಡಿಸಬಹುದು. ವಯಸ್ಸಿಗೂ ಎಂಜಿನ್ನಿನ ಶಕ್ತಿಗೂ ತಕ್ಕಂತೆ ಹಂತಹಂತವಾಗಿ ಪರವಾನಗಿ ಕೊಡುವ ಯುರೋಪಿನ ಪದ್ಧತಿ ಇಲ್ಲಿಲ್ಲವಾದ್ದರಿಂದ, ಯಾವ ಬಗೆಯ ಬೈಕು ತನಗೆ ಒಗ್ಗುತ್ತದೆ ಎಂಬುದನ್ನು ಹೊಸ ಸವಾರನೇ ಕಂಡುಕೊಳ್ಳಬೇಕಾಗುತ್ತದೆ. ಶೋರೂಮಿನ ಟೆಸ್ಟ್ ರೈಡ್ ಸಾಮಾನ್ಯವಾಗಿ ಬಡಾವಣೆಯ ಒಂದು ಸುತ್ತಿನಲ್ಲಿ ಮುಗಿದುಹೋಗುತ್ತದೆ. ಈ ಕಾರಣಕ್ಕೆ, ಪರವಾನಗಿ ಪಡೆದು ಬೈಕಿಗಾಗಿ ಹಟ ಹಿಡಿದಿದ್ದ ಅಕ್ಕನ ಮಗನಿಗೆ ದಕ್ಷಿಣ ಬೆಂಗಳೂರಿನ ಬಾಡಿಗೆ ಅಂಗಡಿಯೊಂದರಿಂದ ಬೇರೆ ಬೇರೆ ವಾರಾಂತ್ಯಗಳಲ್ಲಿ ಮೂರು ಬಗೆಯ ಬೈಕುಗಳನ್ನು ತಂದು ಓಡಿಸಲು ಕೊಟ್ಟೆವು. ಕಪ್ಪು ಫಲಕದ ಮೇಲೆ ಹಳದಿ ಅಕ್ಷರಗಳಿರುವ ಈ ಬೈಕುಗಳಲ್ಲಿ ಕಾಲೇಜಿಗೆ ಹೋಗಲು ಅವನು ನಾಚಿಕೊಂಡನೆಂಬುದನ್ನು ಬಿಟ್ಟರೆ ಪ್ರಯೋಗ ಸಾರ್ಥಕವಾಯಿತು.

ನಾವು ಆರಿಸಿದ್ದು ಯಮಹಾ ಆರ್15 ವಿ4, ರಾಯಲ್ ಎನ್‌ಫೀಲ್ಡ್ ಮೀಟಿಯಾರ್ 350 ಮತ್ತು ಹೀರೋ ಎಕ್ಸ್‌ಪಲ್ಸ್ 200 4ವಿ. ಇವುಗಳ ಎಂಜಿನ್ ಗಾತ್ರ 155 ಸಿಸಿಯಿಂದ 349 ಸಿಸಿಯವರೆಗೆ ಹರಡಿದ್ದರೂ ಮೂರರ ಗರಿಷ್ಠ ಶಕ್ತಿಯೂ 18ರಿಂದ 20 ಅಶ್ವಶಕ್ತಿಯ ಆಸುಪಾಸಿನಲ್ಲಿಯೇ ಇದೆ. ಆದರೂ ಒಂದರಿಂದ ಇಳಿದು ಇನ್ನೊಂದನ್ನು ಹತ್ತಿದವನಿಗೆ ಇವು ಒಂದೇ ಜಾತಿಯ ವಾಹನಗಳೆಂದು ಅನ್ನಿಸುವುದೇ ಇಲ್ಲ. ‘ಎಷ್ಟು ಸಿಸಿ’ ಎಂಬ ಹುಡುಗರ ಮೊದಲ ಪ್ರಶ್ನೆಗೆ ನಾವು ಕೊಡುವ ಬೆಲೆ ಹೆಚ್ಚಾಯಿತೆಂದು ನನಗನ್ನಿಸಿದ್ದು ಇಲ್ಲಿಯೇ.

ಆರ್15ರ ಹ್ಯಾಂಡಲ್ ತಗ್ಗಿನಲ್ಲಿದ್ದು ಫುಟ್‌ರೆಸ್ಟ್ ಹಿಂದಕ್ಕಿರುವುದರಿಂದ ಸವಾರನ ಮೈ ಮುಂದಕ್ಕೆ ಬಾಗಿ ಭಾರವೆಲ್ಲ ಮಣಿಕಟ್ಟಿನ ಮೇಲೆ ಬೀಳುತ್ತದೆ. ಅದರ ಗರಿಷ್ಠ ಟಾರ್ಕ್, ಎಂದರೆ ಎಂಜಿನ್ನಿನ ತಿರುಗಿಸುವ ಬಲ, 14.2 ಎನ್‌ಎಂ (ನ್ಯೂಟನ್ ಮೀಟರ್), ಅದೂ ಎಂಜಿನ್ 7,500 ಆರ್‌ಪಿಎಂ, ಎಂದರೆ ನಿಮಿಷಕ್ಕೆ ಅಷ್ಟು ಸುತ್ತು, ತಲುಪಿದಾಗ; ಆದ್ದರಿಂದ ಎಂಜಿನ್ನನ್ನು ಮೇಲಿನ ವೇಗದಲ್ಲಿ ತಿರುಗಿಸುತ್ತಲೇ ಇರಬೇಕು. ಖಾಲಿ ರಸ್ತೆಯ ತಿರುವುಗಳಲ್ಲಿ ಈ ಬೈಕು ಕೊಡುವ ಭರವಸೆ ಅಪೂರ್ವವಾದದ್ದು. ಬನಶಂಕರಿಯ ಸಿಗ್ನಲ್ಲುಗಳಲ್ಲಿ ಮಾತ್ರ ಹುಡುಗ ಕೈ ಕೊಡವಿಕೊಳ್ಳುತ್ತಿದ್ದ.

ಮೀಟಿಯಾರ್ ಇದಕ್ಕೆ ತದ್ವಿರುದ್ಧ. 27 ಎನ್‌ಎಂ ಟಾರ್ಕ್ 4,000 ಆರ್‌ಪಿಎಂನಲ್ಲಿಯೇ ಸಿಗುವುದರಿಂದ ಪದೇ ಪದೇ ಗೇರ್ ಇಳಿಸುವ ಅಗತ್ಯ ಬೀಳುವುದಿಲ್ಲ. ಸೀಟು ನೆಲದಿಂದ ಕೇವಲ 765 ಮಿಲಿಮೀಟರ್ ಎತ್ತರದಲ್ಲಿರುವುದರಿಂದ ಗಿಡ್ಡನೆಯವರಿಗೂ ಎರಡು ಪಾದ ನೆಲಕ್ಕೆ ಊರುತ್ತವೆ. ಆದರೆ 191 ಕೆಜಿ ತೂಕದ, ಎಂದರೆ ಆರ್15ಗಿಂತ ಸುಮಾರು 50 ಕೆಜಿ ಹೆಚ್ಚು ಭಾರದ ಈ ಬೈಕನ್ನು ಇಳಿಜಾರಿನಲ್ಲಿ ನಿಲ್ಲಿಸಿ ಹಿಂದಕ್ಕೆ ತಳ್ಳುವಾಗ ಹೊಸಬರು ತಡಬಡಾಯಿಸುತ್ತಾರೆ. ಕಾಲು ಮುಂದಕ್ಕೆ ಚಾಚಿಕೊಂಡಿರುವುದರಿಂದ ರಸ್ತೆ ಉಬ್ಬು ಬಂದಾಗ ಸೀಟಿನಿಂದ ಏಳುವುದೂ ಕಷ್ಟ. ಹೆದ್ದಾರಿಗೆ ಹೇಳಿ ಮಾಡಿಸಿದ ಬೈಕು ಎಂದು ಇದನ್ನು ಹೊಗಳುತ್ತಾರಾದರೂ, ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್‌ನಿಂದ ಯಾವ ಬೈಕಿಗೂ ಪ್ರವೇಶವಿಲ್ಲ.

ಹೆಚ್ಚು ಕಲಿಸಿದ್ದು ಎಕ್ಸ್‌ಪಲ್ಸ್, ಆರಂಭದಲ್ಲಿ ಹೆಚ್ಚು ಹೆದರಿಸಿದ್ದೂ ಅದೇ. ಸೀಟಿನ ಎತ್ತರ 825 ಮಿಲಿಮೀಟರ್ ಇರುವುದರಿಂದ ನಿಂತಾಗ ಅವನ ತುದಿಗಾಲು ಮಾತ್ರ ನೆಲ ಮುಟ್ಟುತ್ತಿತ್ತು. ಆದರೆ ಸಾವನದುರ್ಗದ ಕಡೆಯ ಮಣ್ಣು ರಸ್ತೆಗೆ ಇಳಿದ ಮೇಲೆ 21 ಇಂಚಿನ ಮುಂಚಕ್ರ ಗುಂಡಿಗಳನ್ನು ಹೇಗೆ ದಾಟಿಸುತ್ತದೆ, ಫುಟ್‌ರೆಸ್ಟಿನ ಮೇಲೆ ಎದ್ದು ನಿಂತು ಮಂಡಿ ಸಡಿಲಿಸಿದರೆ ಬೈಕು ಹೇಗೆ ತನ್ನ ದಾರಿಯನ್ನು ತಾನೇ ಹುಡುಕಿಕೊಳ್ಳುತ್ತದೆ ಎಂಬುದು ಯಾರೂ ಹೇಳಿಕೊಡದೆಯೇ ಅವನಿಗೆ ತಿಳಿಯಿತು. ಬ್ರೇಕು ಒತ್ತಿದಾಗ ಚಕ್ರ ತಿರುಗುವುದು ನಿಂತು ಜಾರದಂತೆ ತಡೆಯುವ ಎಬಿಎಸ್ ಇದರಲ್ಲಿ ಇರುವುದು ಮುಂಚಕ್ರಕ್ಕೆ ಮಾತ್ರ. ಜಲ್ಲಿಯ ಮೇಲೆ ಹಿಂಬ್ರೇಕು ಒತ್ತಿದಾಗ ಚಕ್ರ ಜಾರುವ ಅನುಭವವೂ, ಪಾದವನ್ನು ಎಷ್ಟು ಸಡಿಲಿಸಿದರೆ ಅದು ಮತ್ತೆ ಹಿಡಿತಕ್ಕೆ ಬರುತ್ತದೆಂಬ ಅಂದಾಜೂ ಅವನಿಗೆ ಕಡಿಮೆ ವೇಗದಲ್ಲಿಯೇ ದೊರೆತವು. ಡಾಂಬರು ರಸ್ತೆಯಲ್ಲಿ ಇದರ ಪಿಕಪ್ ಸಾಧಾರಣ. ವೇಗ ಹೆಚ್ಚಿದಂತೆ ಕಂಪನವೂ ಹೆಚ್ಚುತ್ತದೆ.

ಅಂಗಡಿಯ ಸೇವೆಯ ಬಗ್ಗೆ ಹೇಳುವುದಾದರೆ, ದಾಖಲೆಗಳ ಕೆಲಸ ಬೇಗ ಮುಗಿಯಿತು. ಕಲಿಕಾ ಪರವಾನಗಿ ತಂದವರನ್ನು ಅವರು ಮುಲಾಜಿಲ್ಲದೆ ವಾಪಸು ಕಳುಹಿಸುತ್ತಿದ್ದುದನ್ನು ಕಂಡು ಸಂತೋಷವೂ ಆಯಿತು. ಅಂಗಡಿಯವರು ಕೊಡುವ ಹೆಲ್ಮೆಟ್ಟುಗಳು ಮಾತ್ರ ಸಡಿಲವಾಗಿದ್ದವು, ಅಳತೆಗೆ ಸರಿಯಾದ ಐಎಸ್‌ಐ ಗುರುತಿನ ಹೆಲ್ಮೆಟ್ಟನ್ನು ಮನೆಯಿಂದಲೇ ಒಯ್ಯುವುದು ಲೇಸು. ಎಕ್ಸ್‌ಪಲ್ಸ್‌ನ ಚೈನು ಒಣಗಿ ಸದ್ದು ಮಾಡುತ್ತಿತ್ತು. ಹೊರಡುವ ಮುನ್ನ ಟೈರು, ಬ್ರೇಕು, ಚೈನುಗಳನ್ನು ನೋಡಿಕೊಂಡು, ಮೊದಲೇ ಇರುವ ಗೀರುಗಳ ಫೋಟೋ ತೆಗೆದಿಟ್ಟುಕೊಂಡರೆ ಠೇವಣಿ ಹಿಂಪಡೆಯುವಾಗ ವಾದ ಬೆಳೆಯುವುದಿಲ್ಲ.

ಆರ್15ರ ಚಿತ್ರವನ್ನು ಗೋಡೆಗೆ ಅಂಟಿಸಿಕೊಂಡಿದ್ದ ಹುಡುಗ ಈಗ ಎಕ್ಸ್‌ಪಲ್ಸ್‌ನ ಹಳೆಯ ಬೈಕೊಂದು ಸಿಗುವುದೇ ಎಂದು ವಿಚಾರಿಸುತ್ತಿದ್ದಾನೆ. ಅಕ್ಕನ ಮತ ಇನ್ನೂ ಮೀಟಿಯಾರ್ ಕಡೆಗಿದೆ.