ಗಾಳಿ ಜೋರಿದೆ ಅಂತ ಟಾಯ್ಲೆಟ್ಟಿನ ಏರ್ ಪೈಪ್ ಮುಚ್ಚಿಸಬೇಡಿ

ಮಡಿಕೇರಿ ಕಡೆ ಗುಡ್ಡದ ಮೇಲೆ ಮನೆ ಇರೋರು ದಯವಿಟ್ಟು ಪೂರ್ತಿ ಓದಿ, ಹೋದ ಕಕ್ಕಡದಲ್ಲಿ (ನಮ್ಮ ಕೊಡಗಿನ ಜೋರು ಮಳೆ ತಿಂಗಳು) ನಮ್ಮನೇಲಿ ಆಗಿದ್ದು ಇನ್ಯಾರಿಗೂ ಆಗೋದು ಬೇಡ. ಏರ್ ಪೈಪ್ ಅಂದ್ರೆ ಟಾಯ್ಲೆಟ್ ಲೈನಿಂದ ಹಂಚಿನ ಮೇಲಕ್ಕೆ ಹೋಗೋ, ಬಾಯಿ ತೆರೆದಿರೋ ಪೈಪು.

ಜುಲೈ ಕೊನೆ, ಮೂರು ದಿನದಿಂದ ಕರೆಂಟಿಲ್ಲ, ತೋಟದಲ್ಲಿ ಸಿಲ್ವರ್ ಮರ ಮುರಿದು ಬೀಳೋ ಸದ್ದು. ರಾತ್ರಿ ಟಾರ್ಚ್ ಹಿಡ್ಕೊಂಡು ಬಾತ್‌ರೂಮಿಗೆ ಹೋದ್ರೆ ಕಮೋಡಿನ ನೀರು ತಾನಾಗೇ ಮೇಲೆ ಕೆಳಗೆ ಆಡ್ತಿದೆ, ಬಾವಿಗೆ ಕೊಡ ಇಳಿಸಿದಾಗ ನೀರು ತೂಗುತ್ತಲ್ಲ ಹಾಗೆ. ಬೆಳಗಾಗೋ ಹೊತ್ತಿಗೆ ನೀರು ಅರ್ಧ ಇಳಿದು ಕೊಳೆತ ಮೊಟ್ಟೆ ವಾಸನೆ.

ಕರೆಸಿದ ಪ್ಲಂಬರ್ "ಏರ್ ಪೈಪಲ್ಲಿ ಗಾಳಿ ನುಗ್ತಿದೆ ಅಕ್ಕ, ಕ್ಯಾಪ್ ಹೊಡೆದು ಬಿಡ್ತೀನಿ" ಅಂದ, ನಾನೂ ಹೂಂ ಅಂದೆ. ನೀರು ಆಡೋದು ನಿಂತಿತು.

ಆಗಸ್ಟ್ 3, ಕಕ್ಕಡ 18, ಆ ದಿನ ಮಾಡೋ ಮದ್ದು ಸೊಪ್ಪಿನ (ಔಷಧಿ ಎಲೆಯ) ಪಾಯಸಕ್ಕೆ ಅತ್ತೆ ಇಟ್ಟಿದ್ರು, ಮನೆ ತುಂಬ ನೆಂಟರು, ಮಳೆಗೆ ಕಿಟಕಿ ಎಲ್ಲ ಮುಚ್ಚಿತ್ತು. ಯಾರಾದ್ರೂ ಫ್ಲಶ್ ಮಾಡಿದ್ರೆ ಸಾಕು ಸ್ನಾನದ ಜಾಗದ ಜಾಲಿಯಿಂದ ಗುಳುಗುಳು ಸದ್ದು, ಆಮೇಲೆ ನಾತ, ಮದ್ದು ಸೊಪ್ಪಿನ ಘಮವನ್ನೇ ನುಂಗಿಬಿಡ್ತು. ಬಾತ್‌ರೂಮ್ ಪಕ್ಕದ ರೂಮಲ್ಲಿ ಮಲಗಿದ್ದ ಮಾವನಿಗೆ ಸಂಜೆ ಹೊತ್ತಿಗೆ ತಲೆನೋವು, ಹೊಟ್ಟೆ ತೊಳಸೋದು. ನನಗೆ ನಿಜವಾಗ್ಲೂ ಭಯ ಆಯ್ತು, ಕೂಡ್ಲೇ ಅವರನ್ನ ಮುಂದಿನ ಜಗಲಿಗೆ ಕರ್ಕೊಂಡು ಬಂದ್ವಿ.

ಮಾರನೇ ದಿನ ಬಂದ ಹಿರಿ ಮೇಸ್ತ್ರಿ ಮೊದಲು ಕ್ಯಾಪ್ ಕಿತ್ತು ಬಿಸಾಕಿದ್ರು. ಕಮೋಡಿನ ಬಗ್ಗಿದ ಭಾಗದಲ್ಲಿ, ಜಾಲಿ ಕೆಳಗಿನ ಟ್ರ್ಯಾಪಲ್ಲಿ (ನೀರು ನಿಲ್ಲೋ ಬಗ್ಗಿದ ಪೈಪು) ಸುಮಾರು 2 ಇಂಚು ನೀರು ನಿಂತಿರುತ್ತೆ, ಟಾಯ್ಲೆಟ್ ಗುಂಡಿಯ ಗ್ಯಾಸಿಗೂ ನಮಗೂ ನಡುವೆ ಇರೋದು ಅಷ್ಟೇ. ಏರ್ ಪೈಪಿನ ಬಾಯಿ ಮೇಲೆ ಗಾಳಿ ಬೀಸಿದ್ರೆ ಆ ನೀರನ್ನ ಎಳೆಯುತ್ತೆ, ಬಾಯೊಳಗೇ ನುಗ್ಗಿದ್ರೆ ತಳ್ಳುತ್ತೆ. ಅದಕ್ಕಂತ ಬಾಯಿ ಮುಚ್ಚಿದ್ರೆ ಫ್ಲಶ್ ನೀರು ಇಳಿಯುವಾಗ ಗಾಳಿ ಬೇಕಲ್ಲ, ಅದು ಟ್ರ್ಯಾಪಿನ ನೀರನ್ನೇ ಎಳ್ಕೊಂಡು ಹೋಗುತ್ತೆ, ಗುಂಡಿಯ ಗ್ಯಾಸಿಗೆ ಮನೆಯೊಳಗೆ ದಾರಿ ಆಗುತ್ತೆ. ನಮ್ಮ ಪೈಪು ಹಂಚಿನಿಂದ ಒಂದಡಿಯಷ್ಟೇ ಮೇಲಿತ್ತು, ಮಾಡಿಗೆ ಹೊಡೆದ ಗಾಳಿ ಸುತ್ತಿ ಸೀದಾ ಅದರೊಳಗೆ ಇಳೀತಿತ್ತು. ಅವರು ಮಾಡಿನ ತುದಿಗಿಂತ ಮೇಲಕ್ಕೆ ಎತ್ತರಿಸಿ, ಕ್ಲಾಂಪ್ ಬಿಗಿದು, ಜಾಲಿ ಇರೋ ಟೋಪಿ ಕೂರಿಸಿದ್ರು. ಈಗ್ಲೂ ಬಿರುಗಾಳಿಗೆ ನೀರು ಸ್ವಲ್ಪ ಅಲ್ಲಾಡುತ್ತೆ, ಆದ್ರೆ ಇಳಿಯಲ್ಲ. ನಿಮ್ಮನೇಲಿ ನೀರು ಇಳಿದಿದ್ರೆ ಒಂದು ಚೊಂಬು ನೀರು ಹಾಕಿ, ಸಾಕು. ಹೋಮ್‌ಸ್ಟೇ ನಡೆಸೋರು ಖಾಲಿ ಬಿದ್ದ ರೂಮುಗಳ ಜಾಲಿಗೂ ಹಾಕಿ, ಬಳಸದೆ ಇದ್ರೆ ಅಲ್ಲಿ ನೀರು ಆರಿಹೋಗುತ್ತೆ.

ಇನ್ನೊಂದು, ವಾಸನೆ ಕಮ್ಮಿ ಆಯ್ತು ಅಂತ ನಂಬಬೇಡಿ, ಆ ಕೊಳೆತ ಮೊಟ್ಟೆ ವಾಸನೆಯ ಗ್ಯಾಸ್ ಜಾಸ್ತಿ ಇದ್ರೆ ಮೂಗಿಗೆ ವಾಸನೆನೇ ಗೊತ್ತಾಗಲ್ಲ, ಮೊದಲು ಕಿಟಕಿ ತೆಗೆದು ಎಲ್ರೂ ಹೊರಗೆ ಬನ್ನಿ. ಗುಂಡಿ ಮುಚ್ಚಳದ ಹತ್ರ ದೀಪ, ಬೀಡಿ, ಲೈಟರ್ ಬೇಡ, ಗುಂಡಿಯಲ್ಲಿರೋ ಮೀಥೇನ್ ಗ್ಯಾಸ್ ಹೊತ್ಕೊಳ್ಳುತ್ತೆ, ಒಳಗಂತೂ ಯಾರನ್ನೂ ಇಳಿಸಬೇಡಿ.

ಪೈಪ್ ಕೆಲಸ ಮೇ ತಿಂಗಳೊಳಗೇ ಮುಗಿಸ್ಕೊಳ್ಳಿ, ಮಳೆ ಹಿಡಿದ ಮೇಲೆ ಪಾಚಿ ಕಟ್ಟಿದ ಹಂಚಿನ ಮೇಲೆ ಯಾರನ್ನೂ ಹತ್ತಿಸೋಕಾಗಲ್ಲ.