ಉಗಾಂಡದ ದಾದಿಯರಿಗೆ ಅಕ್ಯುಪಂಕ್ಚರ್: ಒಂದು ತರಬೇತಿ ಸೇವೆಯ ವಿಮರ್ಶೆ

ಅಮೆರಿಕದ ಅಕ್ಯುಪಂಕ್ಚರ್ ಚಿಕಿತ್ಸಕ ರಿಚರ್ಡ್ ಮ್ಯಾಂಡೆಲ್ ಸ್ಥಾಪಿಸಿದ ಪ್ಯಾನ್‌ಆಫ್ರಿಕನ್ ಅಕ್ಯುಪಂಕ್ಚರ್ ಪ್ರಾಜೆಕ್ಟ್, ಉಗಾಂಡದ ಸ್ಥಳೀಯ ಆರೋಗ್ಯ ಕಾರ್ಯಕರ್ತರಿಗೆ ಸರಳ ಅಕ್ಯುಪಂಕ್ಚರ್, ಅಂದರೆ ದೇಹದ ನಿರ್ದಿಷ್ಟ ಬಿಂದುಗಳಿಗೆ ತೆಳು ಸೂಜಿ ಚುಚ್ಚುವ ಚಿಕಿತ್ಸೆ, ಕಲಿಸುವ ಸಂಸ್ಥೆ. ಎಚ್‌ಐವಿ, ಮಲೇರಿಯ ಮತ್ತು ಕ್ಷಯ ರೋಗಿಗಳ ನೋವು, ವಾಕರಿಕೆ, ನಿದ್ರಾಹೀನತೆಗಳನ್ನು ತಗ್ಗಿಸುವುದು ಇದರ ಗುರಿ. ಹೊರಗಿನ ತಜ್ಞರು ಶಿಬಿರ ನಡೆಸಿ ಮರಳಿಹೋಗುವ ಸೇವೆಗಿಂತ ಇದು ಮೇಲೆಂಬುದು ನನ್ನ ದೃಢ ಅಭಿಪ್ರಾಯ. ಏಕೆಂದರೆ ಊರಿನ ದಾದಿಗೆ ರೋಗಿಯ ಲುಗಾಂಡ ಮಾತು ದುಭಾಷಿಯಿಲ್ಲದೆ ಅರ್ಥವಾಗುತ್ತದೆ, ಬಿಡದ ಕೆಮ್ಮು ಕಂಡೊಡನೆ ಕಫ ಪರೀಕ್ಷೆಗೆ ಕಳುಹಿಸುವ ರೂಢಿಯೂ ಆಕೆಗೆ ಮೊದಲೇ ಇರುತ್ತದೆ.

ವರ್ಷಗಟ್ಟಲೆ ಓದಬೇಕಾದ ಶಾಸ್ತ್ರವನ್ನು ಆಯ್ದ ಕೆಲವೇ ಬಿಂದುಗಳಿಗೆ ಇಳಿಸಿ ಕಲಿಸಬಹುದೇ ಎಂದು ಸಂಶಯಪಡುವವರಿದ್ದಾರೆ. ಇದಕ್ಕೆ ಉತ್ತರವಾಗಿ ನ್ಯೂಯಾರ್ಕಿನ ಲಿಂಕನ್ ಆಸ್ಪತ್ರೆಯ ಉದಾಹರಣೆಯಿದೆ: 1970ರ ದಶಕದಲ್ಲಿ ಅಲ್ಲಿ ಮಾದಕ ವ್ಯಸನಿಗಳಿಗಾಗಿ ಆರಂಭವಾದ ಚಿಕಿತ್ಸೆಯಿಂದ ಕಿವಿಯ 5 ಬಿಂದುಗಳ ಕ್ರಮವೊಂದು ರೂಪುಗೊಂಡು, ಇಂದು ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಪಠ್ಯ ಚಿಕ್ಕದಾದಷ್ಟೂ ಎಚ್ಚರಿಕೆ ದೊಡ್ಡದಾಗಬೇಕು, ಅಷ್ಟೆ. ಎದೆಯ ಭಾಗದಲ್ಲಿ ಸೂಜಿ ಆಳಕ್ಕೆ ಹೋದರೆ ಶ್ವಾಸಕೋಶಕ್ಕೆ ತೂತಾಗಬಹುದು. ಆದ್ದರಿಂದ ಮೊಣಕಾಲಿನ ಕೆಳಗೆ, ಮುಂಗೈಯಲ್ಲಿ ಮತ್ತು ಕಿವಿಯಲ್ಲಿರುವ ಬಿಂದುಗಳಿಗೆ ಮೊದಲ ಹಂತದ ಕಲಿಕೆಯನ್ನು ಸೀಮಿತಗೊಳಿಸುವುದು ವಿವೇಕ.

ಫಲದ ವಿಷಯದಲ್ಲಿ ಮಾತ್ರ ನಾವು ನಿಷ್ಠುರವಾಗಿರಬೇಕು. ಮುಂಗೈಯ ನೇಗುವಾನ್ ಬಿಂದುವನ್ನು ಪ್ರಚೋದಿಸಿದರೆ ಶಸ್ತ್ರಚಿಕಿತ್ಸೆಯ ನಂತರದ ವಾಕರಿಕೆ ಕಡಿಮೆಯಾಗುತ್ತದೆ ಎಂಬುದಕ್ಕೆ ಸಾಕಷ್ಟು ಅಧ್ಯಯನಗಳ ಬೆಂಬಲವಿದೆ. ಆದರೆ ಎಚ್‌ಐವಿಯಿಂದ ಬರುವ ನರನೋವಿನ ಬಗ್ಗೆ ಅಮೆರಿಕದಲ್ಲಿ ನಡೆದು 1998ರಲ್ಲಿ ಪ್ರಕಟವಾದ, 250 ರೋಗಿಗಳಿದ್ದ ಪ್ರಯೋಗದಲ್ಲಿ, ಅಕ್ಯುಪಂಕ್ಚರ್ ಹುಸಿ ಚಿಕಿತ್ಸೆಗಿಂತ (ಹೋಲಿಕೆಗಾಗಿ ನಿಜವಾದ ಬಿಂದುಗಳನ್ನು ಬಿಟ್ಟು ಬೇರೆಡೆ ಸೂಜಿ ಚುಚ್ಚುವುದು) ಹೆಚ್ಚಿನ ಫಲ ಕೊಡಲಿಲ್ಲ. ಈ ಫಲಿತಾಂಶವನ್ನೂ ತರಗತಿಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಬೇಕು. ಸೂಜಿಯ ಭರವಸೆಯಲ್ಲಿ ಒಬ್ಬ ರೋಗಿಯೂ ಎಚ್‌ಐವಿ ಮಾತ್ರೆಗಳನ್ನು ನಿಲ್ಲಿಸಕೂಡದು.

ನನ್ನ ದೊಡ್ಡ ಆತಂಕ ಸೂಜಿಗಳ ಪೂರೈಕೆಯದು. 100 ವಯಸ್ಕರಲ್ಲಿ ಸುಮಾರು 5 ಮಂದಿಗೆ ಎಚ್‌ಐವಿ ಇರುವ ದೇಶದಲ್ಲಿ ಒಮ್ಮೆ ಬಳಸಿದ ಸೂಜಿಯನ್ನು ಮತ್ತೆ ಬಳಸುವ ಮಾತೇ ಏಳಬಾರದು, ಆದರೆ ದಾನಿಗಳ ನೆರವು ನಿಂತಾಗ ಕಲಿತವರು ಕೈಕಟ್ಟಿ ಕೂರಬೇಕಾಗುತ್ತದೆ. ಸರ್ಕಾರಿ ಆರೋಗ್ಯ ಕೇಂದ್ರಗಳಿಗೆ ಔಷಧಿ ಪೂರೈಸುವ ನ್ಯಾಷನಲ್ ಮೆಡಿಕಲ್ ಸ್ಟೋರ್ಸ್ ಮೂಲಕವೇ ಈ ಸೂಜಿಗಳೂ ಬಳಸಿದ ಸೂಜಿಗಳನ್ನು ಹಾಕುವ ಗಟ್ಟಿ ಡಬ್ಬಿಗಳೂ ಬರುವಂತೆ ಮಾಡುವುದು, ಹೊಸ ತಂಡಗಳಿಗೆ ತರಬೇತಿ ಕೊಡುವುದಕ್ಕಿಂತ ಮೊದಲು ಆಗಬೇಕಾದ ಕೆಲಸ.